ಸರ್ವೆ ಸರಪಳಿಯಿಂದ ಮೊಬೈಲ್ ನಕ್ಷೆಯವರೆಗೆ: ಊರಿನ ಲೆಕ್ಕ ಊರಿಗೆ ಸಿಕ್ಕ ಕಥೆ

– ಹಳೆಯ ವಿದ್ಯಾರ್ಥಿ, ಬಿ.ಇ., ಸಾಫ್ಟ್‌ವೇರ್ ಎಂಜಿನಿಯರ್, ಬೆಂಗಳೂರು

ನಮ್ಮ ಸರ್ಕಾರಿ ಪ್ರೌಢಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಕೊಡಬೇಕೆಂದು ಸಂಪಾದಕ ಮಂಡಳಿಯ ಹಿರಿಯರು ಕೇಳಿದಾಗ, ಶಾಲಾ ದಿನಗಳ ನೆನಪುಗಳನ್ನು ನನಗಿಂತ ಚೆನ್ನಾಗಿ ಬರೆಯುವವರು ಬೇಕಾದಷ್ಟು ಜನ ಇದ್ದಾರೆ ಅನ್ನಿಸಿತು. ನಾನು ದಿನವೂ ಮಾಡುವ ಕೆಲಸಕ್ಕೂ, ನಮ್ಮ ಸಮಾಜ ವಿಜ್ಞಾನದ ಮೇಷ್ಟ್ರು ಗೋಡೆಗೆ ನೇತುಹಾಕಿ ಕೋಲಿನಲ್ಲಿ ತೋರಿಸುತ್ತಿದ್ದ ನಕ್ಷೆಗಳಿಗೂ ಒಂದು ನಂಟಿದೆ. ಆ ನಂಟಿನ ಇತಿಹಾಸವನ್ನೇ ಬರೆಯೋಣ ಎಂದು ನಿರ್ಧರಿಸಿದೆ.

ನಗರಗಳ ರಸ್ತೆ, ಚರಂಡಿ, ಕೆರೆ, ಬಸ್ಸು, ಆಸ್ಪತ್ರೆ ಇವುಗಳ ಮಾಹಿತಿಯನ್ನು ನಕ್ಷೆಯ ಮೇಲೆ ಕೂರಿಸಿ ನೋಡುವ ವಿದ್ಯೆಗೆ ಈಗ ಭೂಪ್ರಾದೇಶಿಕ ಸಂಶೋಧನೆ ಎಂಬ ದೊಡ್ಡ ಹೆಸರಿದೆ. ಆ ಮಾಹಿತಿಯನ್ನು ಸರ್ಕಾರ ಬೀರುವಿನಲ್ಲಿ ಇಟ್ಟುಕೊಳ್ಳದೆ, ಯಾರು ಬೇಕಾದರೂ ಪಡೆದು ಬಳಸುವಂತೆ ಕೊಟ್ಟರೆ ಅದು ಮುಕ್ತ ದತ್ತಾಂಶ. ಹೆಸರು ಹೊಸದಾದರೂ ವಿಷಯ ನಮ್ಮೂರಿಗೆ ಹೊಸದಲ್ಲ. ಪಹಣಿ, ಟಿಪ್ಪಣಿ, ಆಕಾರಬಂದ್, ಗ್ರಾಮನಕ್ಷೆ ಈ ಮಾತುಗಳನ್ನು ಕೇಳದ ರೈತ ನಮ್ಮ ಹೋಬಳಿಯಲ್ಲಿ ಇಲ್ಲ. ಅವುಗಳ ನಕಲಿಗಾಗಿ ತಾಲ್ಲೂಕು ಕಚೇರಿಗೆ ಅಲೆದು ಚಪ್ಪಲಿ ಸವೆಸಿಕೊಂಡವರೂ ಕಡಿಮೆಯಿಲ್ಲ. ಈ ಕಾಗದಗಳು ಎಲ್ಲಿಂದ ಬಂದವು, ಯಾರ ಕೈಯಲ್ಲಿದ್ದವು, ಈಗ ಯಾರ ಕೈಗೆ ಬರುತ್ತಿವೆ ಎಂಬುದೇ ಈ ಲೇಖನದ ವಿಷಯ.

ಶ್ರೀರಂಗಪಟ್ಟಣದ ಬಳಿಯ ಒಂದು ರಾತ್ರಿ

1799ರಲ್ಲಿ ಬ್ರಿಟಿಷ್ ಸೈನ್ಯ ಟಿಪ್ಪು ಸುಲ್ತಾನನ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿತ್ತು. ಒಂದು ರಾತ್ರಿ ಜನರಲ್ ಬೇರ್ಡ್ ಎಂಬಾತ ತನ್ನ ತುಕಡಿಯೊಂದಿಗೆ ಹತ್ತಿರದ ತೋಪೊಂದನ್ನು ಶೋಧಿಸಿ ವಾಪಸಾಗುತ್ತಿದ್ದ. ಜೊತೆಯಲ್ಲಿ ವಿಲಿಯಂ ಲ್ಯಾಂಬ್ಟನ್ ಎಂಬ ಅಧಿಕಾರಿಯಿದ್ದ. ಆತ ಆಕಾಶದ ನಕ್ಷತ್ರಗಳನ್ನು ನೋಡಿ, "ನಾವು ದಕ್ಷಿಣಕ್ಕೆ ಹೋಗುವ ಬದಲು ಉತ್ತರಕ್ಕೆ, ಟಿಪ್ಪುವಿನ ಪಾಳೆಯದ ಕಡೆಗೇ ನಡೆಯುತ್ತಿದ್ದೇವೆ" ಎಂದು ಎಚ್ಚರಿಸಿದ. ಜನರಲ್ ಮೊದಲು ನಂಬಲಿಲ್ಲ. ಕೊನೆಗೆ ದೀಪ ಹಿಡಿದು ದಿಕ್ಸೂಚಿ ನೋಡಿದಾಗ ಲ್ಯಾಂಬ್ಟನ್ ಹೇಳಿದ್ದೇ ನಿಜವಾಗಿತ್ತು.

ಟಿಪ್ಪುವಿನ ಪತನದ ನಂತರ ಇದೇ ಲ್ಯಾಂಬ್ಟನ್ ಇಡೀ ದಕ್ಷಿಣ ಭಾರತವನ್ನು ತ್ರಿಕೋನಗಳಿಂದ ಅಳೆಯುವ ಯೋಜನೆಯನ್ನು ಸರ್ಕಾರದ ಮುಂದಿಟ್ಟ. ಒಂದು ತ್ರಿಕೋನದ ಒಂದು ಬಾಹು ಮತ್ತು ಎರಡು ಕೋನ ಗೊತ್ತಿದ್ದರೆ ಉಳಿದ ಎರಡು ಬಾಹುಗಳನ್ನು ಲೆಕ್ಕ ಹಾಕಬಹುದು ಎಂದು ನಾವು ಗಣಿತದ ತರಗತಿಯಲ್ಲಿ ಕಲಿತಿದ್ದೇವಲ್ಲ, ಅದೇ ಇಲ್ಲಿನ ಗುಟ್ಟು. ನೆಲದ ಮೇಲೆ ಒಂದು ಗೆರೆಯನ್ನು ಮಾತ್ರ ಬಹಳ ಜಾಗ್ರತೆಯಿಂದ ಸರಪಳಿ ಹಿಡಿದು ಅಳೆಯಬೇಕು. ಆಮೇಲೆ ಬೆಟ್ಟದಿಂದ ಬೆಟ್ಟಕ್ಕೆ ಕೋನ ಅಳೆಯುತ್ತಾ ಹೋದರೆ ಸಾಕು. ಅಂಥ ಮೊದಲ ಗೆರೆಯನ್ನು ಲ್ಯಾಂಬ್ಟನ್ 1800ರಲ್ಲಿ ಅಳೆದದ್ದು ಬೆಂಗಳೂರಿನ ಬಳಿ. 1802ರ ಏಪ್ರಿಲ್ 10ರಂದು ಮದರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಮತ್ತೊಂದು ಗೆರೆಯನ್ನು ಅಳೆಯಲು ಆರಂಭಿಸಿದ. ಮುಂದೆ ಮಹಾ ತ್ರಿಕೋನಮಿತಿ ಸರ್ವೆ ಎಂದು ಹೆಸರಾದ ಕೆಲಸ ಅದು. ಕೋನ ಅಳೆಯುವ ಆತನ ಥಿಯೋಡಲೈಟ್ ಯಂತ್ರದ ತೂಕವೇ ಸುಮಾರು ಅರ್ಧ ಟನ್. 1808ರಲ್ಲಿ ತಂಜಾವೂರಿನ ದೇವಸ್ಥಾನದ ಗೋಪುರದ ಮೇಲೆ ಏರಿಸುವಾಗ ಹಗ್ಗ ಕಿತ್ತು ಅದು ಗೋಡೆಗೆ ಬಡಿದು ನಜ್ಜುಗುಜ್ಜಾಯಿತು. ಲ್ಯಾಂಬ್ಟನ್ ವಾರಗಟ್ಟಲೆ ಕುಳಿತು ಅದನ್ನು ತಾನೇ ರಿಪೇರಿ ಮಾಡಿ ಕೆಲಸ ಮುಂದುವರಿಸಿದ. ಕನ್ಯಾಕುಮಾರಿಯಿಂದ ಹಿಮಾಲಯದ ತಪ್ಪಲಿನವರೆಗೆ ಸುಮಾರು 2,400 ಕಿಲೋಮೀಟರ್ ಉದ್ದದ ಈ ಅಳತೆಯನ್ನು ಆತನ ನಂತರ ಜಾರ್ಜ್ ಎವರೆಸ್ಟ್ 1841ರ ಹೊತ್ತಿಗೆ ಮುಗಿಸಿದ. ಅದೇ ಲೆಕ್ಕದ ಮುಂದುವರಿಕೆಯಾಗಿ 1852ರಲ್ಲಿ ಬಂಗಾಳದ ರಾಧಾನಾಥ್ ಸಿಕ್ದಾರ್ ಎಂಬ ಭಾರತೀಯ ಗಣಿತಜ್ಞ ಜಗತ್ತಿನ ಅತಿ ಎತ್ತರದ ಶಿಖರವನ್ನು ಲೆಕ್ಕದಲ್ಲಿ ಗುರುತಿಸಿದರು. ಶಿಖರಕ್ಕೆ ಹೆಸರು ಮಾತ್ರ ಎವರೆಸ್ಟನದಾಯಿತು.

ಇದೇ ಕಾಲಕ್ಕೆ ಕರ್ನಲ್ ಕಾಲಿನ್ ಮೆಕೆಂಜಿ ಮೈಸೂರು ಸೀಮೆಯ ಸರ್ವೆ ಮಾಡಿದ. ಫ್ರಾನ್ಸಿಸ್ ಬುಕಾನನ್ 1800–01ರಲ್ಲಿ ನಮ್ಮ ಸೀಮೆಯ ಊರೂರು ಸುತ್ತಿ ಬೆಳೆ, ಕೆರೆ, ಸಂತೆ, ಕಸುಬುಗಳನ್ನು ಬರೆದುಕೊಂಡ. ಇವರ ವಿದ್ವತ್ತಿನ ಬಗ್ಗೆ ಗೌರವವಿರಲಿ. ಆದರೆ ಅಳೆದದ್ದು ಯಾರಿಗಾಗಿ ಎಂಬುದನ್ನೂ ಮರೆಯಬಾರದು. ಗೆದ್ದ ಸೀಮೆಯಲ್ಲಿ ಸೈನ್ಯ ನಡೆಸುವುದಕ್ಕೆ, ಕಂದಾಯ ವಸೂಲಿಗೆ ನಕ್ಷೆ ಬೇಕಿತ್ತು. ನಕ್ಷೆಯಲ್ಲಿದ್ದ ಊರಿನ ಜನ ಆ ನಕ್ಷೆಯನ್ನು ಎಂದೂ ಕಂಡವರಲ್ಲ.

ಗುಂಟೆಯ ಲೆಕ್ಕ

ನಾವು ಇಂದಿಗೂ ಹೊಲವನ್ನು ಗುಂಟೆಯಲ್ಲಿ ಹೇಳುತ್ತೇವೆ. ಒಂದು ಗುಂಟೆ ಎಂದರೆ ಎಷ್ಟು, ಯಾಕೆ ಅಷ್ಟೇ ಎಂದು ವಿದ್ಯಾರ್ಥಿಗಳು ಯೋಚಿಸಿದ್ದೀರಾ? ಬೊಂಬಾಯಿ ಪ್ರಾಂತ್ಯದ ಕಂದಾಯ ಸರ್ವೆಯಲ್ಲಿ 33 ಅಡಿ ಉದ್ದದ ಸರಪಳಿಯನ್ನು ಬಳಸುತ್ತಿದ್ದರು. ಅದನ್ನು 16 ಆಣೆಗಳಾಗಿ ಭಾಗ ಮಾಡಿದ್ದರು. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ಜಾಗವೇ ಒಂದು ಗುಂಟೆ. 33ನ್ನು 33ರಿಂದ ಗುಣಿಸಿದರೆ 1,089 ಚದರ ಅಡಿ. ಅಂಥ 40 ಗುಂಟೆಗೆ 43,560 ಚದರ ಅಡಿ, ಅಂದರೆ ಸರಿಯಾಗಿ ಒಂದು ಎಕರೆ. 1860ರ ದಶಕದಲ್ಲಿ ಮೈಸೂರು ಸಂಸ್ಥಾನದಲ್ಲೂ ಇದೇ ಪದ್ಧತಿಯ ಸರ್ವೆ ಶುರುವಾಯಿತು. ಹೊಲಕ್ಕೊಂದು ಸರ್ವೆ ನಂಬರ್, ಮೂಲೆಗೊಂದು ಬಾಂದು ಕಲ್ಲು, ಅಳತೆಗೊಂದು ಟಿಪ್ಪಣಿ, ಊರಿಗೊಂದು ಗ್ರಾಮನಕ್ಷೆ ಬಂದವು. ಆ ನಕ್ಷೆಯಲ್ಲಿ ಹೊಲಗಳ ಜೊತೆಗೆ ಕೆರೆ, ಹಳ್ಳ, ಬಂಡಿದಾರಿ, ಗೋಮಾಳ, ಸ್ಮಶಾನ, ಖರಾಬು ಎಲ್ಲವನ್ನೂ ಗುರುತಿಸಿದರು. ಈ ವಿವರ ಮುಂದೆ ಬಹಳ ದೊಡ್ಡ ಪಾತ್ರ ವಹಿಸಲಿತ್ತು.

ಊರಿನ ಲೆಕ್ಕವನ್ನು ಇಟ್ಟುಕೊಳ್ಳುತ್ತಿದ್ದವರು ಶಾನುಭೋಗರು. ಅವರಲ್ಲಿ ಊರಿನ ಹಿತ ಕಾಯ್ದ ಸಜ್ಜನರಿದ್ದರು, ಲೆಕ್ಕದ ಕಟ್ಟನ್ನೇ ಅಧಿಕಾರ ಮಾಡಿಕೊಂಡವರೂ ಇದ್ದರು. ಯಾರ ಹೆಸರಲ್ಲಿ ಎಷ್ಟು ಜಮೀನಿದೆ ಎಂಬುದು ಅವರ ಮನೆಯ ಪೆಟ್ಟಿಗೆಯಲ್ಲಿತ್ತು. ಓದು ಬರಹ ಬಾರದ ರೈತನಿಗೆ ಅವರು ಓದಿ ಹೇಳಿದ್ದೇ ನಿಜ. 1961ರ ಕಾಯ್ದೆಯಿಂದ ವಂಶಪಾರಂಪರ್ಯದ ಗ್ರಾಮ ಹುದ್ದೆಗಳು ರದ್ದಾಗಿ ಗ್ರಾಮ ಲೆಕ್ಕಿಗರು ಬಂದರು. ಪೆಟ್ಟಿಗೆ ಮನೆಯಿಂದ ಕಚೇರಿಗೆ ಹೋಯಿತು, ಬೀಗ ಹಾಗೆಯೇ ಉಳಿಯಿತು.

ಲಂಡನ್ನಿನ ಒಂದು ಕೈಪಂಪು

ಲೆಕ್ಕವನ್ನು ತೆರೆದಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಹಳೆಯದೊಂದು ಉದಾಹರಣೆ ಲಂಡನ್ ನಗರದ್ದು. 1854ರ ಆಗಸ್ಟ್ ಕೊನೆಯಲ್ಲಿ ಅಲ್ಲಿನ ಸೋಹೋ ಎಂಬ ಬಡಾವಣೆಯಲ್ಲಿ ಕಾಲರಾ ಎದ್ದಿತು. ಹತ್ತು ದಿನಗಳಲ್ಲಿ 500ಕ್ಕೂ ಹೆಚ್ಚು ಜನ ಸತ್ತರು. ಕೆಟ್ಟ ಗಾಳಿಯಿಂದ ರೋಗ ಹರಡುತ್ತದೆ ಎಂಬುದು ಅಂದಿನ ವೈದ್ಯರ ನಂಬಿಕೆ. ಜಾನ್ ಸ್ನೋ ಎಂಬ ವೈದ್ಯರಿಗೆ ಮಾತ್ರ ನೀರಿನ ಮೇಲೆ ಅನುಮಾನವಿತ್ತು.

ಅವರು ಜನನ ಮರಣ ನೋಂದಣಿ ಕಚೇರಿಯಿಂದ ಸತ್ತವರ ವಿಳಾಸಗಳ ಪಟ್ಟಿ ಪಡೆದರು. ಆ ಕಚೇರಿಯಲ್ಲಿದ್ದ ವಿಲಿಯಂ ಫಾರ್ ಎಂಬ ಅಧಿಕಾರಿ ಗಾಳಿಯ ವಾದವನ್ನೇ ನಂಬಿದವರು, ಆದರೂ ಲೆಕ್ಕ ಕೊಡಲು ಹಿಂಜರಿಯಲಿಲ್ಲ. ಸ್ನೋ ಮನೆ ಮನೆ ತಿರುಗಿ ವಿಚಾರಿಸಿದಾಗ, ಸತ್ತವರಲ್ಲಿ ಹೆಚ್ಚಿನವರು ಬ್ರಾಡ್ ಸ್ಟ್ರೀಟ್ ಎಂಬ ಬೀದಿಯ ಕೈಪಂಪಿನ ಸುತ್ತ ಇದ್ದವರು ಎಂದು ಕಂಡುಬಂತು. ಅದೇ ಬೀದಿಯ ಬಿಯರ್ ಕಾರ್ಖಾನೆಯ ಕೆಲಸಗಾರರಿಗೆ ರೋಗ ತಗುಲಿರಲಿಲ್ಲ. ಅವರು ಪಂಪಿನ ನೀರನ್ನೇ ಕುಡಿಯುತ್ತಿರಲಿಲ್ಲ! ಸೆಪ್ಟೆಂಬರ್ 8ರಂದು ಪಂಪಿನ ಹಿಡಿಯನ್ನು ಕಳಚಿ ಹಾಕಲಾಯಿತು. ಅಷ್ಟರಲ್ಲಿ ರೋಗ ಇಳಿಮುಖವಾಗಿತ್ತು ಎಂಬುದೂ ನಿಜವೇ. ಆದರೆ ಒಂದೊಂದು ಸಾವಿಗೆ ಒಂದೊಂದು ಕಪ್ಪು ಗೆರೆ ಹಾಕಿ ಸ್ನೋ ನಂತರ ಪ್ರಕಟಿಸಿದ ನಕ್ಷೆ ಮುಂದಿನ ತಲೆಮಾರುಗಳ ವೈದ್ಯರಿಗೂ ನಗರ ಯೋಜಕರಿಗೂ ಪಾಠವಾಯಿತು. ಸತ್ತವರ ಪಟ್ಟಿಯನ್ನು ಕಚೇರಿ "ಕೊಡುವುದಿಲ್ಲ" ಎಂದಿದ್ದರೆ ಆ ನಕ್ಷೆ ಹುಟ್ಟುತ್ತಲೇ ಇರಲಿಲ್ಲ.

ಬೀಗ ತೆರೆದ ಕಾಲ

ಇಪ್ಪತ್ತನೆಯ ಶತಮಾನದ ಬಹುಪಾಲು ನಕ್ಷೆಗಳು ಸೈನ್ಯದ, ಸರ್ಕಾರದ ಸ್ವತ್ತಾಗಿಯೇ ಇದ್ದವು. ನಮ್ಮಲ್ಲೂ ಗಡಿ ಮತ್ತು ಕರಾವಳಿಯ ವಿವರವಾದ ನಕ್ಷೆಗಳು ಸಾಮಾನ್ಯರ ಕೈಗೆ ಸಿಗುತ್ತಿರಲಿಲ್ಲ. ಈ ಸ್ಥಿತಿ ಬದಲಾದದ್ದು ಒಂದೇ ದಿನದಲ್ಲಲ್ಲ.

1972ರಲ್ಲಿ ಅಮೆರಿಕ ಲ್ಯಾಂಡ್‌ಸ್ಯಾಟ್ ಎಂಬ ಉಪಗ್ರಹವನ್ನು ಹಾರಿಸಿತು. ಭೂಮಿಯ ಮೇಲಿನ ಕಾಡು, ಬೆಳೆ, ನೀರುಗಳ ಚಿತ್ರ ತೆಗೆಯುವುದು ಅದರ ಕೆಲಸ. ನಮ್ಮ ದೇಶದ ಐ.ಆರ್.ಎಸ್.–1ಎ 1988ರ ಮಾರ್ಚ್‌ನಲ್ಲಿ ಹಾರಿತು. ಲ್ಯಾಂಡ್‌ಸ್ಯಾಟ್ ಚಿತ್ರಗಳನ್ನು ಬಹುಕಾಲ ಹಣ ಕೊಟ್ಟು ಕೊಳ್ಳಬೇಕಿತ್ತು. 2008ರಲ್ಲಿ ಅವನ್ನೆಲ್ಲ ಉಚಿತ ಮಾಡಿದರು. ವರ್ಷಕ್ಕೆ ಹತ್ತಾರು ಸಾವಿರ ಚಿತ್ರಗಳು ಮಾತ್ರ ಮಾರಾಟವಾಗುತ್ತಿದ್ದ ಕಡೆ, ಕೆಲವೇ ವರ್ಷಗಳಲ್ಲಿ ಜನ ಪಡೆದುಕೊಂಡ ಚಿತ್ರಗಳ ಸಂಖ್ಯೆ ವರ್ಷಕ್ಕೆ ಹತ್ತು ಲಕ್ಷ ದಾಟಿತು.

ನಮ್ಮ ಮೊಬೈಲಿನಲ್ಲಿ ದಾರಿ ತೋರಿಸುವ ಜಿ.ಪಿ.ಎಸ್. ಕೂಡ ಅಮೆರಿಕದ ಸೈನ್ಯದ್ದು. 1983ರಲ್ಲಿ ಕೊರಿಯಾದ ಪ್ರಯಾಣಿಕ ವಿಮಾನವೊಂದು ದಾರಿ ತಪ್ಪಿ ಸೋವಿಯತ್ ಗಡಿಯೊಳಗೆ ಹೋದಾಗ ಅದನ್ನು ಹೊಡೆದುರುಳಿಸಿದರು. 269 ಜನ ಸತ್ತರು. ಆ ದುರಂತದ ನಂತರ ಜಿ.ಪಿ.ಎಸ್. ಸಿದ್ಧವಾದಾಗ ಜನಸಾಮಾನ್ಯರಿಗೂ ಕೊಡುವುದಾಗಿ ಅಮೆರಿಕ ಪ್ರಕಟಿಸಿತು. ಬಹುಕಾಲ ಬೇಕೆಂದೇ ಅದರ ನಿಖರತೆಯನ್ನು ಕಡಿಮೆ ಮಾಡಿ ಕೊಡುತ್ತಿದ್ದರು. 2000ದ ಮೇ ತಿಂಗಳಲ್ಲಿ ಆ ತಡೆಯನ್ನು ತೆಗೆದರು.

2004ರಲ್ಲಿ ಇಂಗ್ಲೆಂಡಿನ ಸ್ಟೀವ್ ಕೋಸ್ಟ್ ಎಂಬ ಯುವಕ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬುದನ್ನು ಆರಂಭಿಸಿದ. ತೆರಿಗೆ ಹಣದಲ್ಲಿ ತಯಾರಾದ ಇಂಗ್ಲೆಂಡಿನ ಸರ್ಕಾರಿ ನಕ್ಷೆಗಳನ್ನು ಬಳಸಲು ಜನ ಮತ್ತೆ ಹಣ ಕೊಡಬೇಕಿತ್ತು. ಹಾಗಾದರೆ ನಾವೇ ನಡೆದು, ಸೈಕಲ್ ತುಳಿದು ನಕ್ಷೆ ಮಾಡಿಕೊಳ್ಳೋಣ ಎಂಬುದು ಅವನ ಯೋಚನೆ. ನಮ್ಮೂರಲ್ಲಿ ಮನೆಗೊಂದಾಳು ಬಂದು ಕೆರೆಯ ಹೂಳು ಎತ್ತಿದ ಹಾಗೆ, ಜಗತ್ತಿನ ಲಕ್ಷಾಂತರ ಜನ ತಮ್ಮ ತಮ್ಮ ಬೀದಿಗಳನ್ನು ಅದರಲ್ಲಿ ಸೇರಿಸಿದರು. 2010ರ ಜನವರಿ 12ರಂದು ಹೈಟಿ ದೇಶದಲ್ಲಿ ಭೂಕಂಪವಾದಾಗ ರಾಜಧಾನಿಯ ಸರಿಯಾದ ನಕ್ಷೆಯೇ ಇರಲಿಲ್ಲ. ಬೇರೆ ಬೇರೆ ದೇಶಗಳ ಸ್ವಯಂಸೇವಕರು ಮನೆಯಲ್ಲೇ ಕುಳಿತು ಉಪಗ್ರಹ ಚಿತ್ರಗಳನ್ನು ನೋಡಿ, ಕೆಲವೇ ದಿನಗಳಲ್ಲಿ ಬೀದಿ ಬೀದಿಗಳನ್ನು ಗುರುತಿಸಿ ಕೊಟ್ಟರು. ರಕ್ಷಣಾ ತಂಡಗಳು ಅದೇ ನಕ್ಷೆ ಹಿಡಿದು ಕೆಲಸ ಮಾಡಿದವು.

ರಾಜಸ್ಥಾನದ ಹಳ್ಳಿಯ ಪಾಠ

ಮುಕ್ತ ದತ್ತಾಂಶ ಎಂಬುದು ಕಂಪ್ಯೂಟರಿನವರ ವಿಷಯ, ಪಟ್ಟಣದವರ ವಿಷಯ ಎಂದು ನಮ್ಮ ಹಿರಿಯರು ಅಂದುಕೊಳ್ಳಬಾರದು. ಭಾರತದಲ್ಲಿ ಅದರ ಬೇರು ಇರುವುದು ಹಳ್ಳಿಯಲ್ಲಿ. ರಾಜಸ್ಥಾನದಲ್ಲಿ 1990ರಲ್ಲಿ ಅರುಣಾ ರಾಯ್ ಮತ್ತು ಸಂಗಡಿಗರು ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ ಕಟ್ಟಿದರು. ಬರಗಾಲದ ಕಾಮಗಾರಿಗಳಲ್ಲಿ ಕೂಲಿಯವರಿಗೆ ಪೂರ್ತಿ ಕೂಲಿ ಸಿಗುತ್ತಿರಲಿಲ್ಲ. ಹಾಜರಿ ಪಟ್ಟಿ ತೋರಿಸಿ ಎಂದರೆ ಅದು ಸರ್ಕಾರಿ ಗುಟ್ಟು ಎನ್ನುತ್ತಿದ್ದರು. 1994ರ ಡಿಸೆಂಬರ್‌ನಲ್ಲಿ ಕೋಟ್ ಕಿರಾನಾ ಎಂಬ ಹಳ್ಳಿಯಲ್ಲಿ ಮೊದಲ ಜನ ಸುನವಾಯಿ, ಅಂದರೆ ಬಹಿರಂಗ ಜನಸಭೆ ನಡೆಯಿತು. ಇಂಥ ಸಭೆಗಳಲ್ಲಿ ಹಾಜರಿ ಪಟ್ಟಿಯನ್ನೂ ಬಿಲ್ಲುಗಳನ್ನೂ ಎಲ್ಲರೆದುರು ಗಟ್ಟಿಯಾಗಿ ಓದಿದರು. ಕೆಲಸಕ್ಕೆ ಬಾರದವರ ಹೆಸರು, ಸತ್ತುಹೋದವರ ಹೆಸರು ಕೂಡ ಕೂಲಿ ಪಡೆದವರ ಪಟ್ಟಿಯಲ್ಲಿದ್ದವು. ಓದು ಬಾರದ ಹೆಂಗಸರೇ ಎದ್ದು ನಿಂತು, "ಈ ದಿನ ನಾನು ಕೆಲಸಕ್ಕೇ ಹೋಗಿಲ್ಲ" ಎಂದು ಸಾಕ್ಷಿ ಹೇಳಿದರು. ಲೆಕ್ಕ ಸರಿಯೋ ತಪ್ಪೋ ಎಂದು ಹೇಳಬಲ್ಲವರು ಆ ಊರಿನವರು ಮಾತ್ರ ಎಂಬುದನ್ನು ಅವರು ದೇಶಕ್ಕೆ ತೋರಿಸಿಕೊಟ್ಟರು.

ಅದೇ ವರ್ಷ ಬೆಂಗಳೂರಿನಲ್ಲಿ ಸ್ಯಾಮ್ಯುಯೆಲ್ ಪಾಲ್ ಅವರು ಇನ್ನೊಂದು ಬಗೆಯ ಪ್ರಯತ್ನ ಮಾಡಿದರು. ನೀರು, ವಿದ್ಯುತ್, ದೂರವಾಣಿ, ನಗರಪಾಲಿಕೆ ಇವುಗಳ ಸೇವೆ ಹೇಗಿದೆ ಎಂದು ಜನರನ್ನೇ ಕೇಳಿ, ಶಾಲೆಯಲ್ಲಿ ಮಕ್ಕಳಿಗೆ ಅಂಕಪಟ್ಟಿ ಕೊಟ್ಟಂತೆ ಇಲಾಖೆಗಳಿಗೇ ಅಂಕ ಕೊಟ್ಟು ಪ್ರಕಟಿಸಿದರು. ಕರ್ನಾಟಕ 2000ದಲ್ಲೇ ತನ್ನದೇ ಮಾಹಿತಿ ಹಕ್ಕಿನ ಕಾಯ್ದೆ ಮಾಡಿತು. 2005ರಲ್ಲಿ ಇಡೀ ದೇಶಕ್ಕೆ ಮಾಹಿತಿ ಹಕ್ಕು ಕಾಯ್ದೆ ಬಂತು. ಅದರ ನಾಲ್ಕನೆಯ ಸೆಕ್ಷನ್ ಬಹಳ ಮುಖ್ಯ. ಯಾರೂ ಅರ್ಜಿ ಹಾಕದಿದ್ದರೂ ಕಚೇರಿಗಳು ತಾವಾಗಿಯೇ ಮಾಹಿತಿಯನ್ನು ಪ್ರಕಟಿಸಬೇಕು ಎನ್ನುತ್ತದೆ ಅದು. ಇದರ ಮುಂದುವರಿಕೆಯಾಗಿ 2012ರಲ್ಲಿ ಕೇಂದ್ರ ಸರ್ಕಾರ ದತ್ತಾಂಶ ಹಂಚಿಕೆಯ ನೀತಿ ತಂದು, ಎಲ್ಲ ಇಲಾಖೆಗಳ ಅಂಕಿ ಅಂಶ ಒಂದೆಡೆ ಸಿಗುವಂತೆ ಜಾಲತಾಣವನ್ನೂ ತೆರೆಯಿತು.

ನಕ್ಷೆಗಳ ವಿಷಯದಲ್ಲಿ ಮಾತ್ರ ಎರಡು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ ಎಂಬಂತೆ ನಡೆಯಿತು. 2005ರ ರಾಷ್ಟ್ರೀಯ ನಕ್ಷೆ ನೀತಿ ಸೈನ್ಯಕ್ಕೆ ಬೇರೆ, ಜನರಿಗೆ ಬೇರೆ ನಕ್ಷೆ ಎಂದು ವಿಂಗಡಿಸಿತು. 2016ರಲ್ಲಿ ಬಂದ ಒಂದು ಕರಡು ಮಸೂದೆಯಲ್ಲಿ, ಅನುಮತಿಯಿಲ್ಲದೆ ನಕ್ಷೆಯ ಮಾಹಿತಿ ಸಂಗ್ರಹಿಸಿದರೆ ಕೋಟಿಗಟ್ಟಲೆ ದಂಡ, ಏಳು ವರ್ಷದವರೆಗೆ ಜೈಲು ಎಂಬ ಮಾತಿತ್ತು. ನನ್ನಂಥ ಎಂಜಿನಿಯರುಗಳೂ ಸೇರಿ ಬಹಳ ಜನ ಆಕ್ಷೇಪ ಬರೆದರು. ಆ ಮಸೂದೆ ಕಾಯ್ದೆಯಾಗಲಿಲ್ಲ. 2021ರ ಫೆಬ್ರವರಿ 15ರಂದು ಗಾಳಿ ಪೂರ್ತಿ ತಿರುಗಿತು. ಭಾರತೀಯರು ನಕ್ಷೆ ತಯಾರಿಸಲು, ಹಂಚಲು ಮುಂಚಿತ ಅನುಮತಿ ಬೇಕಿಲ್ಲ ಎಂದು ಕೇಂದ್ರ ಸರ್ಕಾರ ಹೇಳಿತು. 2022ರ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ಭೂಪ್ರಾದೇಶಿಕ ನೀತಿಯೂ ಬಂತು. ಲ್ಯಾಂಬ್ಟನ್ ಕಾಲದಿಂದ ಸರ್ಕಾರದ ಕೈಯಲ್ಲಿದ್ದ ಅಳತೆಗೋಲು ಹೀಗೆ ಎರಡು ಶತಮಾನದ ಮೇಲೆ ಜನರ ಕೈಗೂ ಬಂತು.

ಬೆಂಗಳೂರು ಕಲಿಸಿದ್ದು

ನಾನಿರುವ ಬೆಂಗಳೂರಿಗೆ ನದಿಯ ಆಸರೆಯಿಲ್ಲ. ದಿಬ್ಬದ ಮೇಲಿನ ಊರು ಅದು. ಕೆಂಪೇಗೌಡರ ಕಾಲದಿಂದಲೂ ಕೆರೆ ಕಟ್ಟೆಗಳೇ ಅದರ ಜೀವ. ಒಂದು ಕೆರೆಯ ಕೋಡಿ ಬಿದ್ದರೆ ನೀರು ರಾಜಕಾಲುವೆಯ ಮೂಲಕ ಕೆಳಗಿನ ಕೆರೆಗೆ, ಅಲ್ಲಿಂದ ಮತ್ತೊಂದಕ್ಕೆ ಹರಿಯುವ ವ್ಯವಸ್ಥೆ. ನಮ್ಮೂರ ಮೇಲಿನ ಕೆರೆ, ಕೆಳಗಿನ ಕೆರೆಗಳ ಹಾಗೆಯೇ. ನಗರ ಬೆಳೆದಂತೆ ಧರ್ಮಾಂಬುಧಿ ಕೆರೆಯಂಗಳದಲ್ಲಿ ಮೆಜೆಸ್ಟಿಕ್ ಬಸ್ ನಿಲ್ದಾಣ ಬಂತು, ಸಂಪಂಗಿ ಕೆರೆಯಂಗಳದಲ್ಲಿ ಕಂಠೀರವ ಕ್ರೀಡಾಂಗಣ ಬಂತು. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಆದಾಗ ಸುತ್ತಲಿನ ನಗರಸಭೆಗಳ ಜೊತೆ 110 ಹಳ್ಳಿಗಳೂ ನಗರಕ್ಕೆ ಸೇರಿದವು. ಆ ಹಳ್ಳಿಗಳ ಕೆರೆ, ಕಾಲುವೆ, ಗೋಮಾಳಗಳೆಲ್ಲ ನಗರದ ಹೊಟ್ಟೆಗೆ ಹೋದವು.

ಎಷ್ಟು ಹೋದವು ಎಂದು ಲೆಕ್ಕ ಹಾಕಿ ಹೇಳಿದವರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಅವರ ತಂಡ ಮುಖ್ಯವಾದದ್ದು. 1973ರಿಂದ ಈಚಿನ ಉಪಗ್ರಹ ಚಿತ್ರಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿ, ಸುಮಾರು ನಾಲ್ಕು ದಶಕಗಳಲ್ಲಿ ಬೆಂಗಳೂರಿನ ಜಲಪ್ರದೇಶ ಶೇಕಡಾ 79ರಷ್ಟು ಕಡಿಮೆಯಾಗಿದೆ ಎಂದು ಅವರು ತೋರಿಸಿದರು. ಆ ಮೊದಲ ಚಿತ್ರಗಳಲ್ಲಿ ಒಂದು ಚುಕ್ಕೆ ಎಂದರೆ ಸುಮಾರು 80 ಮೀಟರ್ ಉದ್ದ, 80 ಮೀಟರ್ ಅಗಲ. ಅಂದರೆ ಒಂದೂವರೆ ಎಕರೆಗೆ ಒಂದೇ ಚುಕ್ಕೆ. ಅಷ್ಟು ಮಸುಕಾದ ಚಿತ್ರದಲ್ಲೂ ಇದ್ದ ಕೆರೆ, ಇಂದಿನ ಸ್ಪಷ್ಟ ಚಿತ್ರದಲ್ಲಿ ಇಲ್ಲ.

2022ರ ಸೆಪ್ಟೆಂಬರ್ ಮೊದಲ ವಾರದ ಮಳೆ ನಿಮಗೆಲ್ಲ ಟಿ.ವಿ.ಯಲ್ಲಿ ನೋಡಿದ ನೆನಪಿರಬಹುದು. ಬೆಳ್ಳಂದೂರು, ಹೊರವರ್ತುಲ ರಸ್ತೆಯ ಕಡೆ ಸಾಫ್ಟ್‌ವೇರ್ ಕಂಪನಿಗಳ ಸುತ್ತ ನೀರು ನಿಂತು, ಎಂಜಿನಿಯರುಗಳು ಟ್ರ್ಯಾಕ್ಟರ್ ಏರಿ ಕೆಲಸಕ್ಕೆ ಹೋದರು. "ಏನಪ್ಪಾ, ನಿಮ್ಮ ಬೆಂಗಳೂರಲ್ಲೂ ನಮ್ಮ ಟ್ರ್ಯಾಕ್ಟರೇ ಬೇಕಾಯ್ತಾ?" ಎಂದು ಊರಿನಿಂದ ನನಗೂ ಫೋನು ಬಂತು. ನಗುವ ಮಾತೇ. ಆದರೆ ಅಂದು ಬಡವರ ಗುಡಿಸಲುಗಳಿಗೂ ನೀರು ನುಗ್ಗಿತ್ತು, ಅವರಿಗೆ ಟ್ರ್ಯಾಕ್ಟರ್ ಕಳಿಸುವವರು ಇರಲಿಲ್ಲ.

ನೀರು ಇಳಿದ ಮೇಲೆ ರಾಜಕಾಲುವೆ ಎಲ್ಲಿತ್ತು ಎಂಬ ಪ್ರಶ್ನೆ ಬಂತು. ಆಗ ಸರ್ವೆಯವರು ಬಿಚ್ಚಿದ್ದು ಯಾವುದನ್ನು ಗೊತ್ತೇ? ಅದೇ ಹಳೆಯ ಗ್ರಾಮನಕ್ಷೆಗಳನ್ನು. ಸರಪಳಿ ಹಿಡಿದು ಅಳೆದ ಹಿಂದಿನವರು ಕಾಲುವೆಯನ್ನು ಗೆರೆ ಎಳೆದು ತೋರಿಸಿದ್ದರು. ಅದರ ಆಧಾರದ ಮೇಲೆ ಕಟ್ಟಡಗಳ ಮೇಲೆ ಗುರುತು ಬಿತ್ತು, ಕೆಲವು ಕಡೆ ಜೆ.ಸಿ.ಬಿ. ನಡೆಯಿತು, ವ್ಯಾಜ್ಯಗಳು ಕೋರ್ಟು ಮುಟ್ಟಿದವು. ಸಾಲ ಮಾಡಿ ಸೈಟು ಕೊಂಡವರಲ್ಲಿ ಎಷ್ಟೋ ಜನಕ್ಕೆ ತಮ್ಮ ಅಡಿಪಾಯದ ಕೆಳಗೆ ಕಾಲುವೆಯಿತ್ತು ಎಂಬುದೇ ಗೊತ್ತಿರಲಿಲ್ಲ. ಸೈಟು ಕೊಳ್ಳುವ ದಿನವೇ ಆ ನಕ್ಷೆ ಅವರ ಕಣ್ಣಿಗೆ ಸುಲಭವಾಗಿ ಬಿದ್ದಿದ್ದರೆ ಅವರು ಆ ಸೈಟನ್ನು ಕೊಳ್ಳುತ್ತಿದ್ದರೇ? ಮುಕ್ತ ದತ್ತಾಂಶದ ಬೆಲೆಯನ್ನು ಇದಕ್ಕಿಂತ ಸರಳವಾಗಿ ಹೇಳಲು ನನಗೆ ಬಾರದು.

ಈಗ ಪರಿಸ್ಥಿತಿ ಸುಧಾರಿಸಿದೆ. ಗ್ರಾಮನಕ್ಷೆಗಳನ್ನು ಭೂಮಾಪನ ಇಲಾಖೆಯ ಜಾಲತಾಣದಲ್ಲಿ ನೋಡಬಹುದು. ದಿಶಾಂಕ್ ಎಂಬ ಸರ್ಕಾರದ ಆ್ಯಪ್ ತೆರೆದರೆ ನಾವು ನಿಂತ ಜಾಗದ ಸರ್ವೆ ನಂಬರ್ ಯಾವುದು, ಅದು ಕೆರೆಯೋ ಖರಾಬೋ ಎಂಬುದು ತಿಳಿಯುತ್ತದೆ. ಹಿಂದೆ ಇಷ್ಟು ತಿಳಿಯಲು ಸರ್ವೆಯರನ್ನು ಹುಡುಕಬೇಕಿತ್ತು.

ತೆರೆದರೆ ಯಾರಿಗೆ ಲಾಭ?

ಒಳ್ಳೆಯದನ್ನಷ್ಟೇ ಹೇಳಿ ಮುಗಿಸಿದರೆ ಇತಿಹಾಸಕ್ಕೆ ನ್ಯಾಯವಾಗದು. ನಮ್ಮ ರಾಜ್ಯದ ಭೂಮಿ ಯೋಜನೆ ದೇಶಕ್ಕೇ ಮಾದರಿ ಎನಿಸಿಕೊಂಡಿತು. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಬಂದವು. 15 ರೂಪಾಯಿ ಕೊಟ್ಟರೆ ಯಾರು ಬೇಕಾದರೂ ಪಹಣಿ ಪಡೆಯುವಂತಾಯಿತು. ಇದರಿಂದ ರೈತರಿಗೆ ಆದ ಉಪಕಾರ ದೊಡ್ಡದು. ಆದರೆ 2007ರ ಸುಮಾರಿಗೆ ಬೆಂಗಳೂರು ಸುತ್ತಮುತ್ತ ಅಧ್ಯಯನ ಮಾಡಿದ ಕೆಲವು ಸಂಶೋಧಕರು ಬೇರೊಂದು ಮುಖವನ್ನು ತೋರಿಸಿದರು. ದಾಖಲೆ ಒಂದೆಡೆ ಸುಲಭವಾಗಿ ಸಿಗುವಂತಾದಾಗ ಅದನ್ನು ಮೊದಲು ಬಳಸಿಕೊಂಡವರು ದೊಡ್ಡ ಜಮೀನು ವ್ಯವಹಾರದವರು ಎಂಬುದು ಅವರ ವಾದ. ಬಾಗಿಲು ತೆರೆದಾಗ ಮೊದಲು ಒಳಗೆ ಓಡುವವನು ಓಟ ಕಲಿತವನೇ. ಆದ್ದರಿಂದ ಲೆಕ್ಕ ತೆರೆದರೆ ಸಾಲದು, ಅದನ್ನು ಓದುವ ವಿದ್ಯೆಯೂ ಊರಿಗೆ ಬೇಕು. ನಮ್ಮ ಸರ್ಕಾರಿ ಶಾಲೆಗಳ ಕೆಲಸ ಇರುವುದು ಇಲ್ಲೇ.

ಇನ್ನೊಂದು ಎಚ್ಚರವೂ ಬೇಕು. ಕೆರೆಯ ಲೆಕ್ಕ, ಕಾಮಗಾರಿಯ ಲೆಕ್ಕ ಎಲ್ಲರಿಗೂ ಸೇರಿದ್ದು. ಯಾರ ಮನೆಯಲ್ಲಿ ಯಾರಿಗೆ ಯಾವ ಕಾಯಿಲೆಯಿದೆ ಎಂಬುದು ಆ ಮನೆಯವರಿಗೆ ಮಾತ್ರ ಸೇರಿದ್ದು. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರ ಆಗಸ್ಟ್ 24ರಂದು ತೀರ್ಪು ಕೊಟ್ಟಿತು. ಆ ಮೊಕದ್ದಮೆ ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಎಂಬುದು ಕನ್ನಡಿಗರಿಗೆ ಹೆಮ್ಮೆ. ಸರ್ಕಾರದ ಲೆಕ್ಕ ಜನರಿಗೆ ಕಾಣಬೇಕು, ಜನರ ಗುಟ್ಟು ಕಂಡಕಂಡವರಿಗೆ ಕಾಣಬಾರದು. ಎರಡನ್ನೂ ಒಟ್ಟಿಗೆ ಕಾಪಾಡುವುದು ಕಷ್ಟ, ಆದರೆ ಮಾಡಲೇಬೇಕಾದ ಕೆಲಸ.

ನಮ್ಮೂರಿಗೆ ಇದರಿಂದೇನು?

2015ರಲ್ಲಿ ಕೇಂದ್ರ ಸರ್ಕಾರ ಸ್ಮಾರ್ಟ್ ಸಿಟಿ ಯೋಜನೆ ತಂದು 100 ನಗರಗಳನ್ನು ಆರಿಸಲು ಹೊರಟಿತು. ನಮ್ಮ ರಾಜ್ಯದಿಂದ ಬೆಂಗಳೂರು, ತುಮಕೂರು, ಶಿವಮೊಗ್ಗ, ದಾವಣಗೆರೆ, ಹುಬ್ಬಳ್ಳಿ–ಧಾರವಾಡ, ಬೆಳಗಾವಿ, ಮಂಗಳೂರು ಸೇರಿದವು. ನಮ್ಮದು ಹಳ್ಳಿ, ನಮಗೇಕೆ ಎನ್ನಬೇಡಿ. ಇಂದಿನ ಹಳ್ಳಿಯೇ ನಾಳಿನ ಬಡಾವಣೆ. ಆ 110 ಹಳ್ಳಿಗಳೂ ಒಂದು ಕಾಲಕ್ಕೆ ನಮ್ಮಂತೆಯೇ ಇದ್ದವು. ನಮ್ಮ ಹೋಬಳಿಯ ರಸ್ತೆಬದಿಯಲ್ಲೂ ಈಗ ಲೇಔಟಿನ ಬಿಳಿ ಕಲ್ಲುಗಳು ಏಳುತ್ತಿವೆ. ಮೇಲಿನ ಕೆರೆಯ ಕೋಡಿಯಿಂದ ಬರುವ ಹಳ್ಳ ಎಲ್ಲಿ ತಿರುಗಿ ಎಲ್ಲಿಗೆ ಸೇರುತ್ತದೆ ಎಂಬುದು ಹಿಂದಿನ ನೀರುಗಂಟಿಗಳಿಗೆ ಅಂಗೈ ಗೆರೆಯಷ್ಟು ಪರಿಚಿತವಾಗಿತ್ತು. ಅವರ ತಲೆಮಾರು ಮುಗಿಯುತ್ತಾ ಬಂದಿದೆ. ಅವರ ತಲೆಯಲ್ಲಿದ್ದ ನಕ್ಷೆಯನ್ನು ಯಾವ ಕಚೇರಿಯೂ ಬರೆದಿಟ್ಟುಕೊಂಡಿಲ್ಲ.

2020ರ ಏಪ್ರಿಲ್ 24ರಂದು ಆರಂಭವಾದ ಸ್ವಾಮಿತ್ವ ಯೋಜನೆಯಲ್ಲಿ ಡ್ರೋನ್ ಹಾರಿಸಿ ಗ್ರಾಮಠಾಣಾದ ಮನೆಗಳನ್ನು ಅಳೆಯುತ್ತಿದ್ದಾರೆ. ಮನೆಗಳ ಲೆಕ್ಕ ಅದರಿಂದ ಆಗುತ್ತದೆ. ಆದರೆ ತೂಬು ಎಲ್ಲಿ, ಹಳೆಯ ಸೇದುವ ಬಾವಿ ಎಲ್ಲಿ, ಬತ್ತಿದ ಬೋರ್‌ವೆಲ್ ಎಷ್ಟು, ಮಳೆಗಾಲದಲ್ಲಿ ಮಕ್ಕಳು ಶಾಲೆಗೆ ಬರಲಾಗದಂತೆ ನೀರು ನಿಲ್ಲುವ ದಾರಿ ಯಾವುದು ಎಂಬುದನ್ನು ಡ್ರೋನ್ ಹೇಳಲಾರದು. ಅದನ್ನು ಹೇಳಬಲ್ಲವರು ನೀವು.

ಆದ್ದರಿಂದ ಸುವರ್ಣ ಮಹೋತ್ಸವದ ಸಂದರ್ಭದಲ್ಲಿ ಒಂದು ಸಣ್ಣ ಸಲಹೆ. ಎಂಟು, ಒಂಬತ್ತನೆಯ ತರಗತಿಯ ಮಕ್ಕಳು ಸಮಾಜ ವಿಜ್ಞಾನದ ಚಟುವಟಿಕೆಯಾಗಿ ನಮ್ಮೂರಿನ ನೀರಿನ ನಕ್ಷೆಯನ್ನು ತಯಾರಿಸಲಿ. ಇದಕ್ಕೆ ಬೇಕಾದದ್ದು ಗ್ರಾಮನಕ್ಷೆಯ ಒಂದು ಪ್ರತಿ, ಒಂದು ಮೊಬೈಲ್, ಜೊತೆಗೆ ನಡೆಯಲು ಒಬ್ಬರು ಊರಿನ ಹಿರಿಯರು. ಹಿರಿಯರು ಹೇಳಿದ ಹೆಸರುಗಳನ್ನು ಹಾಗೆಯೇ ಬರೆದುಕೊಳ್ಳಲಿ. ಕೆರೆ, ಕಟ್ಟೆ, ಕುಂಟೆ, ಹಳ್ಳಗಳ ಕನ್ನಡ ಹೆಸರು ಯಾವ ಕಂಪನಿಯ ನಕ್ಷೆಯಲ್ಲೂ ಸರಿಯಾಗಿಲ್ಲ. ಅದನ್ನು ಓಪನ್‌ಸ್ಟ್ರೀಟ್‌ಮ್ಯಾಪಿಗೆ ಕನ್ನಡದಲ್ಲೇ ಸೇರಿಸಬಹುದು, ಹಣ ಕೊಡಬೇಕಿಲ್ಲ. ದೊಡ್ಡ ಹಾಳೆಯಲ್ಲಿ ಅಚ್ಚು ಹಾಕಿಸಿ ಒಂದನ್ನು ಶಾಲೆಯ ಗೋಡೆಗೆ, ಒಂದನ್ನು ಗ್ರಾಮ ಪಂಚಾಯಿತಿಗೆ ಕೊಡೋಣ. ಗ್ರಾಮಸಭೆಯಲ್ಲಿ ಹಳ್ಳ ಒತ್ತುವರಿಯ ಮಾತು ಬಂದಾಗ ಬಾಯಿಮಾತಿನ ಜಗಳದ ಬದಲು ನಕ್ಷೆ ಮುಂದಿಟ್ಟು ಮಾತಾಡಬಹುದು. ಮಕ್ಕಳಿಗೆ ಇದನ್ನು ಕಲಿಸಿಕೊಡಲು ನಮ್ಮ ಬ್ಯಾಚಿನ ಕೆಲವರು ಭಾನುವಾರಗಳಂದು ಬರಲು ಒಪ್ಪಿದ್ದಾರೆ, ನಾನೂ ಬರುತ್ತೇನೆ. ಮುಖ್ಯೋಪಾಧ್ಯಾಯರು ದಿನ ಗೊತ್ತುಮಾಡಿ ಹೇಳಿದರೆ ಸಾಕು.

ಐವತ್ತು ವರ್ಷಗಳ ಹಿಂದೆ ನಮ್ಮ ಊರಿನ ಹಿರಿಯರು ಚಂದಾ ಎತ್ತಿ, ಶ್ರಮದಾನ ಮಾಡಿ ಈ ಶಾಲೆಯನ್ನು ತಂದರು. ಅವರಿಗೆ ಅಕ್ಷರದ ಬೆಲೆ ಗೊತ್ತಿತ್ತು, ಏಕೆಂದರೆ ಅಕ್ಷರ ಬಲ್ಲ ಒಬ್ಬರ ಮಾತನ್ನೇ ನಂಬಿ ಹೆಬ್ಬೆಟ್ಟು ಒತ್ತಬೇಕಾದ ಕಾಲವನ್ನು ಅವರು ಕಂಡಿದ್ದರು. ಇಂದಿನ ಮಕ್ಕಳು ಪಹಣಿಯನ್ನೂ ನಕ್ಷೆಯನ್ನೂ ಪಂಚಾಯಿತಿಯ ಲೆಕ್ಕವನ್ನೂ ತಾವೇ ಓದಿ, ತಪ್ಪಿದ್ದರೆ ಎದ್ದು ನಿಂತು ಕೇಳುವಂತಾಗಲಿ.